ತವರಿನ ಹತ್ತಿ

ಇಬ್ಬರು ಮಕ್ಕಳೂ ಆರಾಮಾಗಿದ್ದಾರಾ ಎಂದು ಚಪ್ಪಲಿ ಅಂಗಡಿಯ ಜಮೀರ್ ಇವತ್ತೂ ಕೇಳಿದ್ದ, ಪಂಪಾಪತಿ ಇವತ್ತೂ ಹೌದೆಂದು ತಲೆಯಾಡಿಸಿದ್ದ. ರಾಯಚೂರಿನಿಂದ ಮಾನ್ವಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಎರಡು ಜೋಡಿ ಚಪ್ಪಲಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅವನು ಯೋಚಿಸುತ್ತಿದ್ದದ್ದು ಯೋಚಿಸಬೇಕಾದ ವಿಷಯವನ್ನಲ್ಲ, ಈ ಸುಳ್ಳನ್ನು. ಮಕ್ಕಳು ಇಬ್ಬರಿಲ್ಲ. ಇರುವವಳು ಒಬ್ಬಳೇ, ತಂಗಿ ಉಮಾದೇವಿಯ ಮಗಳು ಸುಜಾತಾ, ಏಳು ವರ್ಷದವಳು. ಅವಳ ಎಡಗಾಲು ಏಳು ವರ್ಷದ ಕಾಲೇ. ಬಲಗಾಲು ಮಾತ್ರ ಯಾರ ಮಾತೂ ಕೇಳದೆ ತನ್ನ ಪಾಡಿಗೆ ತಾನು ಬೆಳೆಯುತ್ತಿದೆ. ಪಾದ ಅಗಲ, ಹೆಬ್ಬೆರಳೂ ಅದರ ಪಕ್ಕದ್ದೂ ದೊಡ್ಡವರ ಬೆರಳಿಗಿಂತ ದಪ್ಪ, ಮುಟ್ಟಿದರೆ ಮೆತ್ತಗೆ. ಹೀಗಾಗಿ ಎರಡು ಅಳತೆಯ ಎರಡು ಜೋಡಿ ಕೊಳ್ಳಬೇಕು, ಒಂದರಿಂದ ಎಡದ್ದು, ಇನ್ನೊಂದರಿಂದ ಬಲದ್ದು ತೆಗೆದುಕೊಡಬೇಕು. ಮೊದಲ ಸಲ ಜಮೀರ್ ಎರಡು ಅಳತೆ ಯಾಕೆಂದು ಕೇಳಿದಾಗ ನಿಜ ಹೇಳಲು ಅದೇನು ಅಡ್ಡ ಬಂತೋ, ಇಬ್ಬರು ಸೊಸೆಯಂದಿರು ಎಂದುಬಿಟ್ಟಿದ್ದ. ಅವನು ಬಿಡಬೇಕಲ್ಲ, ಹೆಸರು ಕೇಳಿದ. ಒಬ್ಬಳು ಸುಜಾತಾ, ಇನ್ನೊಬ್ಬಳು ಉಮಾಶ್ರೀ. ಅಂದಿನಿಂದ ಉಮಾಶ್ರೀ ಎಂಬ ಹುಡುಗಿ ಹುಟ್ಟದೆಯೇ ಶಾಲೆಗೆ ಸೇರಿದ್ದಾಳೆ, ಓದಿನಲ್ಲಿ ಜಾಣೆಯೂ ಆಗಿದ್ದಾಳೆ. ಅವಳ ಪಾಲಿನ ಚಪ್ಪಲಿಗಳು, ದೊಡ್ಡ ಎಡದ್ದು ಸಣ್ಣ ಬಲದ್ದು, ಪಂಪಾಪತಿಯ ಪ್ರಯೋಗಾಲಯದ ಬೀರುವಿನ ತಳದಲ್ಲಿ ಬಿದ್ದಿವೆ. ಬಿಸಾಡಲು ಅವನಿಗೆ ಮನಸ್ಸು ಬರುವುದಿಲ್ಲ.

ಯೋಚಿಸಬೇಕಾದದ್ದು ಬೇರೆಯೇ ಇತ್ತು. ಬೆಳಿಗ್ಗೆ ಡಾಕ್ಟರ್ ಆತಿಯಾ ಫೋನ್ ಮಾಡಿದ್ದರು. ರಾಯಚೂರಿನಲ್ಲಿ ಸುಜಾತಾಳ ಕಾಲನ್ನು ಮೊದಲಿಂದ ನೋಡುತ್ತಿರುವವರು ಅವರೇ. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಇಂಥ ಕಾಲಿನ ಮಕ್ಕಳಿಗೆ ಒಂದು ಗುಳಿಗೆ ಕೊಡುತ್ತಿದ್ದಾರೆ, ಒಂದು ಮಗುವಿನ ಜಾಗ ಖಾಲಿಯಾಗಿದೆ, ಸಂಜೆ ಐದರೊಳಗೆ ಹೂಂ ಅನ್ನದಿದ್ದರೆ ಅದು ಬೇರೆ ಮಗುವಿಗೆ ಹೋಗುತ್ತದೆ ಎಂದರು. ಗುಳಿಗೆಯಿಂದ ಪಾದ ಇಳಿಯಬಹುದು, ಇಳಿಯದೆಯೂ ಇರಬಹುದು. ರಕ್ತದಲ್ಲಿ ಸಕ್ಕರೆ ಏರಬಹುದು, ಬಾಯಿ ಹುಣ್ಣಾಗಬಹುದು, ಮಗುವಿನ ಎತ್ತರಕ್ಕೆ ಏನಾದರೂ ಆದೀತೋ ಎಂಬುದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಅದು ಬೇಡವೆಂದರೆ ಮುಂದಿನ ವಾರ ರಾಯಚೂರಿನಲ್ಲೇ ಆ ಎರಡು ಬೆರಳು ತೆಗೆದು ಪಾದವನ್ನು ಸಣ್ಣದು ಮಾಡಬಹುದು, ಆದರೆ ಕೊಯ್ದ ಮೇಲೂ ಉಳಿದ ಪಾದ ಮತ್ತೆ ಬೆಳೆಯುವುದಿಲ್ಲ ಎಂದು ಹೇಳುವಂತಿಲ್ಲ. ಇಷ್ಟೆಲ್ಲ ಹೇಳಿ ಕೊನೆಗೆ ಆಕೆ, ಮನೆಯವರು ನಿಮ್ಮ ಮಾತು ಮೀರುವುದಿಲ್ಲ ಸರ್, ನೀವು ಇದೇ ಕೆಲಸದವರು, ನೀವೇ ಹೇಳಿಬಿಡಿ ಎಂದಿದ್ದರು. ಇದೇ ಕೆಲಸದವರು! ಪಂಪಾಪತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವನ ಕೆಲಸ ಹತ್ತಿಯದು, ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಮತ್ತು ಸಂಶೋಧನೆ. ಹತ್ತಿಯ ಒಂದೊಂದು ಎಳೆಯೂ ಒಂದೊಂದೇ ಜೀವಕೋಶ. ಬೀಜದ ಸಿಪ್ಪೆಯಿಂದ ಎದ್ದು ಉದ್ದಕ್ಕೆ ಉದ್ದಕ್ಕೆ ಬೆಳೆಯುತ್ತದೆ. ಆ ಕೋಶದ ಸುತ್ತ ಲಿಪಿಡ್ ಎಂಬ ಕೊಬ್ಬಿನ ಅಣುಗಳ ಒಂದು ತೆಳು ಪೊರೆ. ಕೈನೇಸ್ ಎಂಬ ಕಿಣ್ವ ಬಂದು ಆ ಲಿಪಿಡ್ಡಿನ ತಲೆಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಅಷ್ಟೇ ಅದರ ಕೆಲಸ, ಒಂದು ಗುರುತು ಹಾಕುವುದು. ಗುರುತು ಬಿದ್ದ ಕಡೆ, ಹೊಸ ಪೊರೆಗೆ ಬೇಕಾದ ಸರಕು ಹೊತ್ತ ಸಣ್ಣ ಸಣ್ಣ ಚೀಲಗಳು ಬಂದು ಸುರಿದು ಹೋಗುತ್ತವೆ, ಕೋಶ ಅಲ್ಲಿ ಬೆಳೆಯುತ್ತದೆ. ಕ್ಲಾಸಿನಲ್ಲಿ ಹುಡುಗರಿಗೆ ಇದನ್ನು ಹೇಳುವಾಗ ಅವನಿಗೆ ಅಪ್ಪ ಪಕೀರಪ್ಪ ನೆನಪಾಗುತ್ತಿದ್ದ. ಹೆಂಡತಿ ಮಕ್ಕಳನ್ನು ದೇವದುರ್ಗದ ಕಡೆಯ ಜಾಲಹಳ್ಳಿಯಲ್ಲೇ ಬಿಟ್ಟು ಬಂದು ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ, ಗಂಜಿನಲ್ಲಿ, ಹಮಾಲಿ ಮಾಡಿದವನು. ಅಕ್ಷರ ಬರುತ್ತಿರಲಿಲ್ಲ, ಆದರೆ ಗುಮಾಸ್ತ ಹತ್ತಿಯ ಅಂಡಿಗೆಯ ಮೇಲೆ ಬಳಿದ ಕೆಂಪು ಗೆರೆ ನೋಡಿ ಯಾವ ಲಾರಿಗೆ ಏರಿಸಬೇಕೆಂದು ತಿಳಿದು ಹೊತ್ತುಕೊಂಡು ಹೋಗುತ್ತಿದ್ದ. ಗುಮಾಸ್ತ ತಪ್ಪು ಗೆರೆ ಎಳೆದರೆ? ಅಪ್ಪ ತಪ್ಪು ಲಾರಿಗೆ ಏರಿಸುತ್ತಿದ್ದ, ಬೈಗುಳ ಅಪ್ಪನಿಗೇ ಬೀಳುತ್ತಿತ್ತು. ಗೆರೆ ಹಾಕುವ ಕೈ ನಿಲ್ಲದೇ ಹೋದರೆ? ಹುಡುಗರು ಹೀಗೆ ಕೇಳಿದಾಗ, ಅಳಿಸುವ ಕಿಣ್ವವೂ ಒಂದಿದೆ, ಅದು ಸೋತರೆ ಕೋಶ ಬೆಳೆಯುತ್ತಲೇ ಹೋಗುತ್ತದೆ ಎಂದು ಸಲೀಸಾಗಿ ಹೇಳಿ, ಗಂಟೆ ಹೊಡೆದ ಕೂಡಲೇ ಚಹಾಕ್ಕೆ ಹೋಗುತ್ತಿದ್ದ.

ಬಸ್ಸು ನಿಂತಿತು. ಯಾರೋ ಹತ್ತಿದರು, ಯಾರೋ ಇಳಿದರು, ಒಬ್ಬಾಕೆ ಕಾಲಿನ ಬಳಿ ಮೆಣಸಿನಕಾಯಿಯ ಚೀಲ ಇಟ್ಟಳು. ಅವನು ಆಕೆಯ ಕಾಲು ನೋಡಿದ. ಈಚೀಚೆಗೆ ಮುಖಕ್ಕಿಂತ ಮೊದಲು ಕಾಲು ನೋಡುವುದು ರೂಢಿಯಾಗಿತ್ತು. ಎರಡೂ ಸಮವಿದ್ದವು. ಸಮವಿದ್ದದ್ದು ಕಂಡು ಅವನಿಗೆ ಆ ಗುರುತಿಲ್ಲದ ಹೆಂಗಸಿನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ಸುಜಾತಾ ಹುಟ್ಟಿದ್ದು ದೇವದುರ್ಗದ ಆಸ್ಪತ್ರೆಯಲ್ಲಿ, ಅವನ ಗಿಡಗಳು ಮೊದಲ ಸಲ ಉದ್ದನೆಯ ಎಳೆ ಕೊಟ್ಟ ಅದೇ ಸುಗ್ಗಿಯಲ್ಲಿ. ಆ ಗಿಡಗಳಿಗೆ ಅವನು ಕೈನೇಸಿನ ಜೀನಿನ ಒಂದು ಪ್ರತಿ ಹೆಚ್ಚಿಗೆ ಸೇರಿಸಿದ್ದ. ಕಾಯಿ ಒಡೆದಾಗ ಎಳೆ ಹಿಡಿದು ನೋಡಿ, ಹೊಲದಲ್ಲೇ ಕುಕ್ಕುರುಗಾಲಲ್ಲಿ ಕೂತುಬಿಟ್ಟಿದ್ದ. ನಿಯಮದ ಪ್ರಕಾರ ಅಳತೆ ಮುಗಿದ ಮೇಲೆ ಆ ಹತ್ತಿಯನ್ನು ಸುಡಬೇಕು. ಅದೇ ವಾರ ಅವ್ವ ಶೇಖಮ್ಮ ಜಾಲಹಳ್ಳಿಯಿಂದ ಹೇಳಿ ಕಳಿಸಿದ್ದಳು: ಕೂಸಿನ ಮೊದಲ ಹಾಸಿಗೆಗೆ ತವರಿನ ಹತ್ತಿ ಬೇಕು, ಸೋದರಮಾವ ತನ್ನ ಕೈಯಾರೆ ತಂದು ಹಾಕಬೇಕು, ಕೊಂಡು ತಂದದ್ದು ನಡೆಯುವುದಿಲ್ಲ. ಅವರಿಗೆ ಹೊಲ ಎಂಬುದು ಎಂದೂ ಇರಲಿಲ್ಲ. ಹಿಂದೆ ಅವ್ವ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಿ, ಗಿಡದಲ್ಲಿ ಉಳಿದ ಚೂರುಪಾರು ಆಯ್ದು ತಂದು ಹಾಸಿಗೆ ತುಂಬಿದವಳು. ಈಗ ಮಗ ಬೆಳೆದ ಹತ್ತಿಯೇ ಇದೆಯಲ್ಲ! ಬೀಜ ಬಿಡಿಸಿ, ಒಂದು ಚೀಲ ತುಂಬಿಕೊಂಡು, ಪಂಪಾಪತಿ ಎದೆಯುಬ್ಬಿಸಿ ಜಾಲಹಳ್ಳಿಗೆ ಹೋಗಿದ್ದ. ಇಂಥ ಹತ್ತಿ ಇಡೀ ತಾಲ್ಲೂಕಿನಲ್ಲಿ ಯಾರ ಮನೆಯಲ್ಲೂ ಇಲ್ಲ ಎಂದು ನೆರೆದ ಹೆಂಗಸರ ಮುಂದೆಲ್ಲ ಹೇಳಿದ್ದ. ಅವ್ವ ಹಾಸಿಗೆ ಹೊಲಿದಳು. ಕೂಸನ್ನು ಅದರ ಮೇಲೆ ಮಲಗಿಸಿದರು. ಆರು ತಿಂಗಳಾಗುವಷ್ಟರಲ್ಲಿ ಬಲಗಾಲು ದಪ್ಪವಾಗಿದ್ದು ಕಣ್ಣಿಗೆ ಬಿತ್ತು.

ಹಾಗಾಗುವುದಿಲ್ಲ. ಹಾಗಾಗುವುದೇ ಇಲ್ಲ ಎಂದು ಅವನಿಗೆ ಗೊತ್ತು. ಮಗು ಗರ್ಭದಲ್ಲಿ ಇನ್ನೂ ಹಿಡಿಯಷ್ಟೂ ಇಲ್ಲದಾಗ, ಯಾವುದೋ ಒಂದು ಕೋಶದಲ್ಲಿ ಜೀನಿನ ಒಂದು ಅಕ್ಷರ ತಪ್ಪಿ, ಆ ಕೋಶದ ಮಕ್ಕಳು ಮೊಮ್ಮಕ್ಕಳೆಲ್ಲ ಒಂದು ಕಾಲಿಗೆ ಹೋಗಿ ಸೇರಿದವು. ಹಾಸಿಗೆ ಬಂದದ್ದು ಆಮೇಲೆ. ಹತ್ತಿಯನ್ನು ಮೈಗೆ ಸುತ್ತಿಕೊಂಡರೆ ಅದರ ಜೀನು ಮೈಯೊಳಗೆ ಇಳಿಯುವುದಿಲ್ಲ. ಇಳಿಯುವಂತಿದ್ದರೆ ಅಂಗಿ ತೊಟ್ಟವರೆಲ್ಲ ಕಾಯಿ ಬಿಡುತ್ತಿದ್ದರು. ಈ ಮಾತನ್ನು ತನಗೆ ತಾನೇ ಹೇಳಿಕೊಂಡು ನಗಲು ನೋಡುತ್ತಿದ್ದ. ಆದರೆ ಕಳೆದ ಬೇಸಿಗೆಯಲ್ಲಿ ಪರೀಕ್ಷೆಯ ವರದಿ ಬಂದ ದಿನ, ಡಾಕ್ಟರ್ ಆತಿಯಾ ಕೆಟ್ಟಿರುವ ಕಿಣ್ವದ ಹೆಸರು ಓದಿ ಅದೊಂದು ಲಿಪಿಡ್ ಕೈನೇಸ್ ಎಂದಾಗ, ಅವನ ನಗು ನಿಂತುಹೋಗಿತ್ತು. ಅದೂ ಗುರುತು ಹಾಕುವುದೇ, ಆದರೆ ಇಲ್ಲಿ ಗುರುತಿನ ಅರ್ಥ ಬೆಳೆ, ಬೆಳೆ ಎಂದು. ಅದು ನಿಲ್ಲುವುದನ್ನು ಮರೆತಿದೆ. ಪಕ್ಕದಲ್ಲಿ ಕೂತಿದ್ದ ತಂಗಿಯ ಗಂಡ ಗದ್ದೆಪ್ಪ ತಟ್ಟನೆ ತಿರುಗಿ, ಇದೇ ಅಲ್ಲವೇ ಸರ್ ನೀವು ಹತ್ತಿಯಲ್ಲಿ ಮಾಡಿದ್ದು ಎಂದಿದ್ದ. ಬೀಗತನವಿದ್ದರೂ ಅವನು ಸರ್ ಎಂದೇ ಕರೆಯುವುದು. ಪಂಪಾಪತಿ ಅವಸರದಿಂದ, ಅಲ್ಲ, ಈ ಜಾತಿಯದು ಗಿಡದಲ್ಲಿ ಇರುವುದೇ ಇಲ್ಲ, ಗಿಡದ್ದು ಇದರ ದೂರದ ದಾಯಾದಿ ಎಂದು ವಿವರಿಸತೊಡಗಿದ. ವಿವರಿಸಿದಷ್ಟೂ ಕಳ್ಳ ಸಾಕ್ಷಿ ಹೇಳಿದಂತೆ ಕೇಳಿಸಿತು. ಉಮಾದೇವಿ ಅಣ್ಣನ ಮುಖವನ್ನೇ ನೋಡುತ್ತಿದ್ದಳು.

ಅಂದಿನಿಂದ ಅವನ ತಲೆ ಕಲಸಿದ ಹಿಟ್ಟು. ಸಸಿಮಡಿಯಲ್ಲಿ ಗಿಡ ನೆಟ್ಟಗೆ ಬೆಳೆದರೆ ಖುಷಿಯಾಗುತ್ತಿತ್ತು, ಖುಷಿಯ ಬೆನ್ನಿಗೇ ಒಂದು ಕಾಲು ಕಣ್ಣ ಮುಂದೆ ಬರುತ್ತಿತ್ತು. ಬೆಳೆಸುವುದನ್ನೇ ಇಷ್ಟು ವರ್ಷ ಬೇಡಿಕೊಂಡವನು ಈಗ ಬೆಳೆಯುವುದು ನಿಲ್ಲಲಿ ಎಂದು ಯಾವ ಬಾಯಲ್ಲಿ ಹೇಳಬೇಕು? ಗುಳಿಗೆ ಕೊಡಿಸು ಅನ್ನಲೇ? ಕೊಟ್ಟ ಮೇಲೆ ಮಗು ಕುಳ್ಳಗೇ ಉಳಿದರೆ? ಬೇಡವೆಂದರೆ ಬೆರಳು ಹೋಗುತ್ತವೆ. ನೀರಮಾನ್ವಿ ದಾಟಿದ್ದು ಗೊತ್ತಾಗಲಿಲ್ಲ. ತಂಗಿಯ ಊರು ಮಾನ್ವಿ ಬಂದಾಗಲೂ ಕೂತೇ ಇದ್ದ, ಕಂಡಕ್ಟರ್ ಭುಜ ತಟ್ಟಿ, ಸಿಂಧನೂರಿಗೆ ಹೋಗ್ತೀರೇನು ಎಂದು ಕೇಳಿದ ಮೇಲೆ ಎದ್ದ. ಹೌದು ಎಂದುಬಿಟ್ಟು ಸಿಂಧನೂರಿಗೇ ಹೋಗಿಬಿಡಬಾರದೇಕೆ ಎಂದು ಒಂದು ಗಳಿಗೆ ಅನ್ನಿಸಿದ್ದೂ ಸುಳ್ಳಲ್ಲ.

ಮನೆಯಲ್ಲಿ ಗದ್ದೆಪ್ಪ ಕಾಯುತ್ತಿದ್ದ. ಅವನು ಲೈನ್‌ಮನ್, ಊಟದ ಹೊತ್ತಿಗೆ ಬಂದವನು ಇನ್ನೂ ಖಾಕಿ ಅಂಗಿಯಲ್ಲೇ ಇದ್ದ. ನೀರು ಕೊಟ್ಟ, ಫ್ಯಾನು ಹಾಕಿದ, ಆಮೇಲೆ ನೇರವಾಗಿ ಮಾತಿಗೆ ಬಂದ. ಬೆರಳು ತೆಗೆಸುವುದೇ ಮೇಲು ಅನ್ನಿಸುತ್ತದೆ, ಒಂದೇ ಸಲಕ್ಕೆ ಮುಗಿಯುತ್ತದೆ, ಕೆಟ್ಟ ತಂತಿ ಕತ್ತರಿಸಿ ಹಾಕುವುದು ತನಗೆ ಅರ್ಥವಾಗುವ ಕೆಲಸ, ಗುಳಿಗೆ ಒಳಗೆ ಹೋಗಿ ಏನು ಮಾಡುತ್ತದೋ ಯಾರು ಕಂಡಿದ್ದಾರೆ ಎಂದ. ಹೀಗೆಂದು ಕೊನೆಗೆ, ಆದರೂ ನೀವು ಹೇಳಿದಂತೆ ಸರ್ ಎಂದು ಸೇರಿಸಿದ. ಆ ಸರ್ ಪಂಪಾಪತಿಗೆ ಕೆನ್ನೆಗೆ ಹೊಡೆದಂತಾಯಿತು. ಸುಜಾತಾ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಉಮಾದೇವಿ ಎಲ್ಲಿ ಎಂದು ಕೇಳಿದ. ಒಳಗಿದ್ದಾಳೆ, ಬೆಳಿಗ್ಗೆಯಿಂದ ಮಾತಾಡುತ್ತಿಲ್ಲ ಎಂದ ಗದ್ದೆಪ್ಪ.

ಒಳಗೆ ಅವಳು ಅಟ್ಟದಿಂದ ಒಂದು ಗಂಟು ಇಳಿಸಿ ಬಿಚ್ಚುತ್ತಿದ್ದಳು. ಹಳೇ ಸೀರೆಯ ಪದರದೊಳಗಿಂದ ಹೊರಬಂದದ್ದು ಕೂಸಿನ ಹಾಸಿಗೆ. ಅವ್ವನ ದೊಡ್ಡ ದೊಡ್ಡ ಹೊಲಿಗೆ, ಅಂಚಿಗೆ ಹಸಿರು ಬಟ್ಟೆ. ಏಳು ವರ್ಷದ ಕೆಳಗೆ ಒಂದು ವರ್ಷವೂ ಬಳಸದೆ ಸುತ್ತಿಟ್ಟದ್ದು. ತವರಿನದೆಂದು ಬಿಸಾಡಲೂ ಇಲ್ಲ, ಮಗಳಿಗೆ ಹಾಸಲೂ ಇಲ್ಲ. ಅದನ್ನು ನೋಡಿದ ಕೂಡಲೇ ಪಂಪಾಪತಿಗೆ ತಂಗಿ ಏನು ಕೇಳಲಿದ್ದಾಳೆಂದು ತಿಳಿದುಹೋಯಿತು. ಅವಳು ತಲೆಯೆತ್ತದೆ, ಹೊಲಿಗೆಯ ಮೇಲೆ ಕೈಯಾಡಿಸುತ್ತ ಕೇಳಿದಳು.

"ಅಣ್ಣ, ಒಂದ ಮಾತು ಕೇಳ್ತೀನಿ, ಖರೇ ಹೇಳು. ಇದರಿಂದ ಆಗಿದ್ದಲ್ಲಲ್ಲ?"

ಅಲ್ಲ ಅನ್ನಬೇಕಿತ್ತು. ಎರಡೇ ಅಕ್ಷರ. ಆದರೆ ಅಲ್ಲ ಎನ್ನುವುದು ಅವನ ವೃತ್ತಿಯಲ್ಲಿ ಯಾರೂ ಆಡದ ಮಾತು. ಪುರಾವೆ ಇಲ್ಲ ಎನ್ನುತ್ತಾರೆ, ಸಂಭವ ತೀರಾ ಕಡಿಮೆ ಎನ್ನುತ್ತಾರೆ, ಸದ್ಯಕ್ಕೆ ತಿಳಿದಷ್ಟರ ಮಟ್ಟಿಗೆ ಎನ್ನುತ್ತಾರೆ. ಯಾರಾದರೂ ಅಲ್ಲ ಎಂದರೆ ಸಭೆಯಲ್ಲಿ ಎದ್ದು ನಿಂತು ಮಾನ ಕಳೆಯುತ್ತಾರೆ. ವರ್ಷಾನುಗಟ್ಟಲೆ ಹಾಗೆ ಮಾತಾಡಿ ಮಾತಾಡಿ ಅವನ ನಾಲಿಗೆಗೆ ಆ ಪದದ ರೂಢಿ ತಪ್ಪಿತ್ತು. ಹಂಗಾಗು ಸಂಭವ ಇಲ್ಲಂತನ ಹೇಳಬೇಕು ಎಂದು ಶುರುಮಾಡಿ, ಗರ್ಭದ ಕೋಶ, ಒಂದು ಅಕ್ಷರ, ದೂರದ ದಾಯಾದಿ ಎಂದು ಹೋಗಿ, ನಡುವೆ ತಾನೇ ದಾರಿ ತಪ್ಪಿ ನಿಲ್ಲಿಸಿದ. ಅವಳು ಕೊನೆಯವರೆಗೂ ಕೇಳಿದಳು. ಕೇಳಿ, ನಿಧಾನವಾಗಿ ತಲೆಯಾಡಿಸಿದಳು, ತನಗೆ ಗೊತ್ತಿದ್ದದ್ದೇ ಹೊರಬಿತ್ತು ಎಂಬಂತೆ.

"ಗುಳಗಿ ಬ್ಯಾಡಣ್ಣ," ಎಂದಳು. "ಬೆಳಸಾಕ ನೀನು ಏನೋ ಹಾಕಿದಿ, ಇಳಸಾಕ ಅವರು ಏನೋ ಹಾಕ್ತಾರ. ನನ್ನ ಮಗಳ ಮೈ ಏನು ನಿಮ್ಮ ಹೊಲ ಏನು? ಬೆರಳು ಹೋದ್ರ ಹೋಗ್ಲಿ."

ಹೊರಗೆ ಗದ್ದೆಪ್ಪ ಫೋನಿನಲ್ಲಿ ಯಾರಿಗೋ ಫ್ಯೂಜು ಹಾಕಬೇಡ, ತಡಿ ಎಂದು ಹೇಳುತ್ತಿದ್ದ. ನಾಲ್ಕು ಗಂಟೆ ಆಗಿತ್ತು. ಹೇಳಬೇಕಾದದ್ದೆಲ್ಲ ಪಂಪಾಪತಿಗೆ ಆಗಲೇ ಸ್ಪಷ್ಟವಾಗಿ ತೋಚಿತು: ಗುಳಿಗೆ ಕೊಡಿಸಬೇಕು, ಅದು ಸರಿಯಾದದ್ದು, ಕನಿಷ್ಠ ಪ್ರಯತ್ನಿಸಬೇಕಾದದ್ದು, ಕೊಯ್ದ ಬೆರಳು ವಾಪಸು ಬರುವುದಿಲ್ಲ, ಗುಳಿಗೆಯನ್ನು ಬೇಡವೆನಿಸಿದ ದಿನ ನಿಲ್ಲಿಸಬಹುದು. ಇಷ್ಟು ಸುಲಭದ ಮಾತು ಬಸ್ಸಿನಲ್ಲಿ ಯಾಕೆ ಹೊಳೆಯಲಿಲ್ಲ? ಈಗ ಹೇಳಿದರೂ ಕೇಳುವವರು ಯಾರು? ತಂಗಿಯ ಪಾಲಿಗೆ ಅವನು ರೋಗ ತಂದವರ ಕಡೆಯವನಾಗಿದ್ದ. ಅಷ್ಟರಲ್ಲಿ ಸುಜಾತಾ ಬಂದಳು. ಬಾಗಿಲಲ್ಲೇ ಶಾಲೆಯ ಚೀಲ ಬಿಸಾಡಿ, ಮಾಮನ ಕೈಲಿದ್ದ ಚಪ್ಪಲಿಯ ಚೀಲಕ್ಕೆ ಕೈಹಾಕಿ, ತನ್ನ ಎರಡನ್ನು ಆರಿಸಿ ತೆಗೆದು, ಉಳಿದ ಎರಡನ್ನು ಎಂದಿನಂತೆ ಅವನಿಗೇ ವಾಪಸು ಕೊಟ್ಟಳು. ಆಗ ಅವಳ ಕಣ್ಣು ಹಾಸಿಗೆಯ ಮೇಲೆ ಬಿತ್ತು.

"ಇದು ಯಾರದ ಯವ್ವಾ?" ಎಂದಳು. ನಿನ್ನದೇ, ನೀನು ಸಣ್ಣಕ್ಕಿದ್ದಾಗಿಂದು ಎಂದಳು ಉಮಾದೇವಿ. ಹುಡುಗಿಗೆ ಸಿಟ್ಟೇ ಬಂತು. ತನ್ನದು ಅಂದರೆ ಇಷ್ಟು ದಿನ ಯಾಕೆ ಕೊಟ್ಟಿಲ್ಲ, ತಾನು ಚಾಪೆಯ ಮೇಲೆ ಮಲಗುವಾಗ ಇದು ಅಟ್ಟದಲ್ಲಿ ಏನು ಮಾಡುತ್ತಿತ್ತು ಎಂದು ದಬಾಯಿಸುತ್ತಲೇ ಹಾಸಿಗೆಯನ್ನು ಎಳೆದು ನೆಲಕ್ಕೆ ಹಾಸಿದಳು. ತಾಯಿ ಎದ್ದು ನಿಂತಳು, ಆದರೆ ತಡೆಯಲಿಲ್ಲ, ಅಣ್ಣನ ಕಡೆ ನೋಡಿದಳು. ಹುಡುಗಿ ಬಲಗಾಲು ಎತ್ತಿದಳು. ಆ ದೊಡ್ಡ, ಮೆತ್ತನೆಯ, ಧೂಳು ಹತ್ತಿದ ಪಾದ ಹಾಸಿಗೆಯ ಮೇಲೆ ಇಳಿಯುವುದರಲ್ಲಿತ್ತು.

ನೆಲದ ಮೇಲೆ ಕೂತಿದ್ದ ಪಂಪಾಪತಿಯ ಕೈ ಮುಂದೆ ಹೋಗಿ ಆ ಕಾಲನ್ನು ಹಿಡಿದು ನಿಲ್ಲಿಸಿತು.

ಯಾರು ಹೇಳಿದರು ಆ ಕೈಗೆ? ಅವನಂತೂ ಹೇಳಿರಲಿಲ್ಲ. ಕೈ ತನ್ನಷ್ಟಕ್ಕೆ ತಾನು ಹೋಗಿತ್ತು. ಓದಿದ್ದೆಲ್ಲ, ಬರೆದದ್ದೆಲ್ಲ, ಕ್ಲಾಸಿನಲ್ಲಿ ಒದರಿದ್ದೆಲ್ಲ ಒಂದು ಕಡೆ ಉಳಿದು, ಅವನ ಕೈ, ಹಮಾಲ ಪಕೀರಪ್ಪನ ಮಗನ ಕೈ, ಆ ಹತ್ತಿಗೆ ಆ ಕಾಲು ತಾಗಬಾರದೆಂದು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಹುಡುಗಿ ಒಂದೇ ಕಾಲಲ್ಲಿ ನಿಂತು, ಬೀಳದಿರಲೆಂದು ಮಾಮನ ತಲೆಗೂದಲು ಹಿಡಿದು ನಗತೊಡಗಿದಳು, ಆಟವೆಂದುಕೊಂಡು. ಅಂಗೈಯಲ್ಲಿ ಪಾದ ಬೆಚ್ಚಗಿತ್ತು. ಬಿಡಬೇಕೆಂದು ಗೊತ್ತು, ಬಿಡಲು ಬರುತ್ತಿಲ್ಲ. ತಂಗಿ ನೋಡಿದ್ದಾಳೆ, ಎಲ್ಲವನ್ನೂ ನೋಡಿದ್ದಾಳೆ, ಇನ್ನು ಅವಳ ಮುಂದೆ ಯಾವ ಮಾತೂ ನಡೆಯುವುದಿಲ್ಲ, ಹೈದರಾಬಾದಿನ ಆ ಜಾಗವನ್ನು ನನ್ನ ಕೈಯಾರೆ ಕಳೆದೆ ಎಂದುಕೊಂಡು ಅವನು ತಲೆಯೆತ್ತಲಾರದೆ ಕೂತ.

ಉಮಾದೇವಿ ಅವನ ಮಗ್ಗುಲಲ್ಲಿ ಬಂದು ಕೂತಳು. ಚಿಕ್ಕಂದಿನಲ್ಲಿ ಜಾಲಹಳ್ಳಿಯ ಮನೆಯಲ್ಲಿ ದೀಪ ಆರಿದಾಗ ಹೀಗೆಯೇ ಬಂದು ಮೊಣಕೈ ತಾಗಿಸಿ ಕೂರುತ್ತಿದ್ದಳು.

"ನಿನಗ ಎಲ್ಲಾ ಗೊತ್ತದ, ಗೊತ್ತಿದ್ದೂ ನನ್ನ ಮುಂದ ಮುಚ್ಚಿಡಾಕತ್ತಿ ಅಂತ ತಿಳಕೊಂಡಿದ್ದೆ," ಎಂದಳು. ದನಿ ಸಣ್ಣದಾಗಿತ್ತು. "ಏಳು ವರ್ಷ ನಾನೊಬ್ಬಾಕೀನ ಅಂಜಿದೆ. ನೀನೂ ನನ್ನಂಗ ಅಂಜಿದಾಂವ ಅನ್ನಾದು ನನಗ ಗೊತ್ತಿರಲಿಲ್ಲ ನೋಡು."

"ಹತ್ತಿಯಿಂದ ಅಲ್ಲ, ಉಮಾ," ಎಂದ ಅವನು. ಮಾತು ಈಗ ತಾನಾಗಿ ಬಂತು. "ಅಲ್ಲ. ಅದು ಖರೇ. ನನ್ನ ಕೈಗೇ ಅದು ತಿಳೀವಲ್ದು."

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸಿ, ಮಗಳ ಪಾದವನ್ನು ತಾನೇ ಹಿಡಿದು ಹಾಸಿಗೆಯ ಮೇಲೆ ಇಟ್ಟಳು. ಹುಡುಗಿ ಧೊಪ್ಪನೆ ಬಿದ್ದು, ಹೊರಳಿ, ಕಾಲು ಹಾಸಿಗೆಯ ಆಚೆ ಹೋಗುವುದನ್ನು ಕಂಡು ಇದು ಸಾಲುವುದಿಲ್ಲ ಎಂದು ದೂರಿದಳು. ಫೋನ್ ಬಂತು. ಪಂಪಾಪತಿ ಜೇಬಿನಿಂದ ತೆಗೆದು ಡಾಕ್ಟರ್ ಆತಿಯಾ ಎಂಬ ಹೆಸರನ್ನು ನೋಡುತ್ತ ಕೂತ. ಉಮಾದೇವಿ ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

"ಹೈದರಾಬಾದಕ್ಕ ಬರ್ತೀವ್ರಿ ಮೇಡಂ," ಎಂದಳು. "ನಮ್ಮಣ್ಣನೂ ಸಂಗಾಟ ಬರ್ತಾನ. ಏನಾಗ್ತದ ಅಂತ ಅವಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕೂಡೇ ನೋಡ್ತೀವಿ."

ಗದ್ದೆಪ್ಪ ಬಾಗಿಲಲ್ಲಿ ಬಂದು ನಿಂತು ಹೆಂಡತಿಯನ್ನೂ ಅವಳ ಅಣ್ಣನನ್ನೂ ನೋಡಿದ. ಅವನ ಮುಖ ಸಣ್ಣದಾಯಿತು, ಆದರೆ ಜಗಳ ತೆಗೆಯಲಿಲ್ಲ. ಸಕ್ಕರೆ ಏರಿದರೆ ಯಾರನ್ನು ಕೇಳಬೇಕು ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಬಂದು ಮಗಳ ತಲೆಯ ಬಳಿ ಕೂತ. ಉಮಾದೇವಿ ಚಹಾಕ್ಕೆ ಇಡಲು ಹೋದಳು. ಆಟದ ದಣಿವಿಗೆ ಸುಜಾತಾ ಹಾಸಿಗೆಯಲ್ಲೇ ನಿದ್ದೆ ಹೋದಳು, ಸಣ್ಣ ಕಾಲನ್ನು ದೊಡ್ಡ ಕಾಲಿನ ಮೇಲೆ ಹಾಕಿಕೊಂಡು. ಅಂಚಿನ ಹೊಲಿಗೆ ಒಂದು ಕಡೆ ಬಿಟ್ಟು ಹತ್ತಿ ಇಣುಕಿತ್ತು. ಪಂಪಾಪತಿ ಒಂದು ಚಿಟಿಕೆ ಎಳೆದ. ಗಂಜಿನಲ್ಲಿ ಎಲ್ಲರೂ ಮಾಡುವಂತೆ ಎರಡು ಕೈಯ ಹೆಬ್ಬೆರಳುಗಳ ನಡುವೆ ಹಿಡಿದು ಬಿಡಿಸಿ ಬಿಡಿಸಿ, ಎಳೆಗಳನ್ನು ಸಮ ಮಾಡಿ, ಬಾಗಿಲ ಬೆಳಕಿಗೆ ಹಿಡಿದ. ಅಟ್ಟದಲ್ಲಿ ಇಷ್ಟು ವರ್ಷ ಬಿದ್ದಿದ್ದರೂ ಎಳೆ ಮುರಿದಿರಲಿಲ್ಲ. ಅಂದು ಹೊಲದಲ್ಲಿ ಕುಕ್ಕುರುಗಾಲಲ್ಲಿ ಕೂತು ನೋಡಿದಷ್ಟೇ ಉದ್ದವಿತ್ತು. ಗಿಡ್ಡವಾಗಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಮೊದಲ ಸಲ ಅನ್ನಿಸಿತು.